ಮೇಲಿನ ಬಾಟಲಿ, ಕೆಳಗಿನ ಬಾಟಲಿ

ಜರಡಿಯಕ್ಕ ಹಾಲಿನವನನ್ನೂ ನಂಬುವವಳಲ್ಲ, ಹಾಲನ್ನೂ ನಂಬುವವಳಲ್ಲ. ಅಂಗಡಿಯವನು ಒಂದು ಕಿಲೋ ಸಕ್ಕರೆ ತೂಗಿ ಕೊಟ್ಟರೆ ಮನೆಗೆ ತಂದು ಇನ್ನೊಮ್ಮೆ ತೂಗುತ್ತಿದ್ದಳು. ತೂಕ ಸರಿಯಾಗಿದ್ದರೆ ಮನೆಯ ತಕ್ಕಡಿಯ ಮೇಲೆ ಅನುಮಾನ ಬರುತ್ತಿತ್ತು. ಡಾಕ್ಟರು 'ಏನೂ ಇಲ್ಲ' ಎಂದರೆ ಏನೋ ಮುಚ್ಚಿಡುತ್ತಿದ್ದಾರೆ ಎನ್ನುವಳು, 'ಸ್ವಲ್ಪ ಇದೆ' ಎಂದರೆ ಮಾತ್ರೆ ಮಾರುವುದಕ್ಕೆ ಹೀಗೆ ಹೇಳುತ್ತಾರೆ ಎನ್ನುವಳು. ಯಾರು ಏನೇ ಹೇಳಿದರೂ ಅದು ಈಕೆಯ ಜರಡಿಯಲ್ಲಿ ಬಿದ್ದೇ ಹೊರಬರಬೇಕು ಎಂದು ಕಚೇರಿಯಲ್ಲಿ ಯಾರೋ ಈ ಹೆಸರಿಟ್ಟರು. ಹೆಸರಿಟ್ಟವರು ಯಾರೆಂದು ಅವಳು ಹನ್ನೆರಡು ವರ್ಷದಿಂದ ಹುಡುಕುತ್ತಿದ್ದಾಳೆ. ಸದ್ಯಕ್ಕೆ ಮೂವರ ಮೇಲೆ ಗುಮಾನಿಯಿದೆ.

ಅಂಥವಳ ಅಳಿಯನ ಕೆಲಸ ಈಗ ಹೋಗುವುದರಲ್ಲಿತ್ತು, ಅದೂ ಅವಳೇ ಬರೆದ ಅಂಕಿಗಳಿಂದ. ಹೇಗೆಂದು ಹೇಳುವುದಕ್ಕೆ ಮೊದಲು ಅವಳ ಕೆಲಸ ಏನೆಂದು ಹೇಳಬೇಕು.

ನೀರು ಪರೀಕ್ಷಿಸುವ ಸರ್ಕಾರಿ ಕಚೇರಿಯಲ್ಲಿ ನದಿಯಿಂದ ನೀರು ತರುವವಳು ಅವಳು. ಊರಿನ ಕೊಳಚೆಯನ್ನೆಲ್ಲ ಶುದ್ಧಮಾಡಿ ನದಿಗೆ ಬಿಡುವ ಪ್ಲಾಂಟ್ ಒಂದಿದೆ. ಅದರ ದಪ್ಪ ಪೈಪು ನದಿಗೆ ಬಾಯಿ ತೆರೆದುಕೊಂಡಿರುವ ಜಾಗಕ್ಕೆ ಹದಿನೈದು ದಿನಕ್ಕೊಮ್ಮೆ, ಬುಧವಾರ ಬೆಳಿಗ್ಗೆ ಹೋಗಬೇಕು. ಪೈಪಿನಿಂದ ಇನ್ನೂರು ಹೆಜ್ಜೆ ಮೇಲೆ ಒಂದು ಬಾಟಲಿ, ಇನ್ನೂರು ಹೆಜ್ಜೆ ಕೆಳಗೆ ಒಂದು ಬಾಟಲಿ. ಮೇಲಿನದು ನದಿ ತಾನಾಗಿ ಹೊತ್ತು ತಂದ ನೀರು, ಕೆಳಗಿನದು ಪ್ಲಾಂಟಿನ ನೀರು ಬೆರೆತದ್ದು. ಎರಡರಲ್ಲೂ ಸತು, ತಾಮ್ರ, ಸೀಸ ಎಷ್ಟಿದೆ ಎಂದು ಲ್ಯಾಬಿನಲ್ಲಿ ನೋಡುತ್ತಾರೆ. ಕೆಳಗೆ ಹೆಚ್ಚಿದ್ದರೆ ಪ್ಲಾಂಟ್ ನದಿಗೆ ಲೋಹ ಬಿಡುತ್ತಿದೆ ಎಂದರ್ಥ. ಇಷ್ಟೇ ವಿಷಯ, ಇದರಲ್ಲಿ ಮಂತ್ರ ತಂತ್ರ ಏನಿಲ್ಲ.

ಲೋಹ ಅಳೆಯುವ ನೀರಿಗೆ ಬೇರೆ ಲೋಹ ಸೋಕಬಾರದು. ಅದಕ್ಕಾಗಿ ಬುಧವಾರ ಬಂತೆಂದರೆ ಬಳೆ, ಉಂಗುರ, ಕಿವಿಯ ಓಲೆಯನ್ನೂ ಬಿಚ್ಚಿ ಮನೆಯ ಡಬ್ಬಿಯಲ್ಲಿಟ್ಟು ಬರುವಳು. ಬಕೆಟ್ಟು ಪ್ಲಾಸ್ಟಿಕ್ಕಿನದು, ಹಗ್ಗ ನೈಲಾನಿನದು, ಬಾಟಲಿ ಆಸಿಡ್ಡಿನಲ್ಲಿ ತೊಳೆದದ್ದು. ನೀರು ತುಂಬಿದ ಮೇಲೆ ದಡದಲ್ಲೇ ನಾಲ್ಕು ಹನಿ ಆಸಿಡ್ ಬಿಡಬೇಕು, ಇಲ್ಲದಿದ್ದರೆ ಲೋಹ ಬಾಟಲಿಯ ಮೈಗೆ ಅಂಟಿಕೊಂಡು ಲೆಕ್ಕ ತಪ್ಪುತ್ತದೆ. ಆಮೇಲೆ ಬಾಟಲಿಯ ಕುತ್ತಿಗೆಗೆ ನಂಬರಿನ ಚೀಟಿಯನ್ನು ದಾರದಿಂದ ಕಟ್ಟಿ, ಯಾವ ನಂಬರು ಮೇಲಿನದು, ಯಾವುದು ಕೆಳಗಿನದು ಎಂದು ದಡದ ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುವಳು. ಲ್ಯಾಬಿನ ಕೆಮಿಸ್ಟಿಗೆ ನಂಬರು ಮಾತ್ರ ಗೊತ್ತು, ಜಾಗ ಗೊತ್ತಿಲ್ಲ. ಗೊತ್ತಾದರೆ ಮನಸ್ಸು ಒಂದು ಕಡೆ ವಾಲುತ್ತದೆ ಎಂದು ಹಿಂದಿನ ಅಧಿಕಾರಿಯೊಬ್ಬರು ಮಾಡಿಟ್ಟ ಕ್ರಮ ಅದು. ಕೆಮಿಸ್ಟ್ ನಂಬರಿನ ಎದುರು ಅಂಕಿ ಬರೆದುಕೊಟ್ಟರೆ, ಅದನ್ನು ಮೇಲೆ, ಕೆಳಗೆ ಎಂದು ಬೇರ್ಪಡಿಸಿ ಕಚೇರಿಯ ದೊಡ್ಡ ರಿಜಿಸ್ಟರಿಗೆ ಏರಿಸುವವಳು ಜರಡಿಯಕ್ಕನೇ. ಯಾರನ್ನೂ ನಂಬಬಾರದೆಂದು ಮಾಡಿದ ಕ್ರಮ ಕೊನೆಗೆ ಒಬ್ಬಳನ್ನೇ ಪೂರ್ತಿ ನಂಬಿಕೊಂಡು ನಿಂತಿತ್ತು, ನೋಡಿ ವಿಚಿತ್ರ.

ಅಳಿಯ ಆ ಪ್ಲಾಂಟಿನಲ್ಲೇ ಶಿಫ್ಟ್ ಮೇಲ್ವಿಚಾರಕ. ಮಗಳು ತಾನಾಗಿ ಮೆಚ್ಚಿ ಮದುವೆಯಾದವನು. ಮದುವೆಯಾದ ವಾರವೇ ಜರಡಿಯಕ್ಕ ಅಧಿಕಾರಿಯ ಕೋಣೆಗೆ ಹೋಗಿ, "ಸಾರ್, ಅಲ್ಲಿ ನನ್ನ ಅಳಿಯ ಇದ್ದಾರೆ. ಆ ಜಾಗಕ್ಕೆ ಬೇರೆಯವರನ್ನ ಕಳಿಸಿ," ಎಂದಿದ್ದಳು. ಅಧಿಕಾರಿ ನಕ್ಕುಬಿಟ್ಟರು. "ನಿಮ್ಮ ನೆರಳನ್ನೂ ಬಿಡೋರಲ್ಲ ನೀವು. ಅಳಿಯನ್ನ ಬಿಡ್ತೀರಾ? ನೀವೇ ಹೋಗಿ ಅಕ್ಕ."

ಅಳಿಯ ಕೆಟ್ಟವನಲ್ಲ, ಅದೇ ಅವಳ ಕಷ್ಟ. ಕೆಟ್ಟವನಾಗಿದ್ದರೆ ಒಂದು ಲೆಕ್ಕಕ್ಕೆ ಸಿಗುತ್ತಿದ್ದ. ನದಿಯ ದಡ ಅಲ್ಲಿ ಕಡಿದು, ಅವಳ ಮಂಡಿಗೆ ಹತ್ತಲಾರದ ನೋವು. ಪ್ರತಿ ಬುಧವಾರ ಅವನು ಪ್ಲಾಂಟಿನಿಂದ ಇಳಿದು ಬಂದು, "ಕೊಡಿ ಅತ್ತೆ, ನಾನು ತಗೊಂಡು ಹೋಗ್ತೀನಿ. ನೀವು ನಿಧಾನಕ್ಕೆ ಬನ್ನಿ," ಎಂದು ಬಾಟಲಿಗಳ ಪೆಟ್ಟಿಗೆ ಎತ್ತಿಕೊಂಡು ಜೀಪಿನ ಹತ್ತಿರ ಇಟ್ಟು ಬರುವನು. ಅವಳು ಮಂಡಿ ಹಿಡಿದುಕೊಂಡು ಮೇಲೆ ಬರುವಷ್ಟರಲ್ಲಿ ಐದು ನಿಮಿಷವಾದರೂ ಆಗುತ್ತಿತ್ತು. ಅತಿವಿನಯ ಧೂರ್ತಲಕ್ಷಣ ಎಂದು ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ಆ ಐದು ನಿಮಿಷ ಅವಳ ತಲೆಯಲ್ಲಿ ಹುಳದಂತೆ ಹೊಕ್ಕು ಕೂತಿತ್ತು.

ಎಂಟು ತಿಂಗಳ ಹಿಂದೆ ಲ್ಯಾಬಿನಿಂದ ಅಂಕಿಗಳ ಒಂದು ಚೀಟಿ ಬಂತು. ನಂಬರು ನಲವತ್ತೊಂದರಲ್ಲಿ ಸತು ನೂರ ಎಂಬತ್ತು, ನಲವತ್ತೆರಡರಲ್ಲಿ ನೂರ ಎರಡು. ಲೀಟರಿಗೆ ಇಷ್ಟು ಮೈಕ್ರೋಗ್ರಾಂ ಎಂಬ ಲೆಕ್ಕ. ನೂರೈವತ್ತು ದಾಟಿದರೆ ಮೀನಿನ ಕಿವಿರಿಗೆ ಕೇಡೆಂದು ಆ ಕಚೇರಿಯ ಮಿತಿ. ದಡದ ಪುಸ್ತಕ ತೆರೆದು ನೋಡಿದರೆ ನಲವತ್ತೊಂದು ಮೇಲಿನ ಬಾಟಲಿ. ಎಂದರೆ ನದಿ ಪ್ಲಾಂಟಿಗೆ ಬರುವ ಮೊದಲೇ ಕೊಳಕಾಗಿತ್ತು, ಪ್ಲಾಂಟಿನ ನೀರು ಬೆರೆತ ಮೇಲೆ ಚೊಕ್ಕಟವಾಯಿತು ಎಂದಾಯಿತು. ಜರಡಿಯಕ್ಕನಿಗೆ ನಗು ಬಂತು. ಊರಿನ ಕೊಳಚೆ ಸುರಿದ ಮೇಲೆ ನದಿ ಶುದ್ಧವಾಗುವುದೇ? ಹತ್ತೊಂಬತ್ತು ವರ್ಷದಲ್ಲಿ ಒಮ್ಮೆಯೂ ಕಂಡದ್ದಿಲ್ಲ.

ಬಾಟಲಿಗಳನ್ನು ತರಿಸಿ ನೋಡಿದಳು. ದಾರದ ಗಂಟು ತನ್ನದಲ್ಲ ಎನಿಸಿತು. ತನ್ನ ಗಂಟು ಇನ್ನೂ ಬಿಗಿ. ಅಲ್ಲಿಗೆ ಎಲ್ಲ ತಿಳಿಯಿತು. ಪ್ಲಾಂಟಿನಲ್ಲಿ ಏನೋ ಕೆಟ್ಟಿದೆ, ಸತು ಹೊರಗೆ ಹೋಗುತ್ತಿದೆ, ಅದು ಗೊತ್ತಿರುವ ಅಳಿಯ ಆ ಐದು ನಿಮಿಷದಲ್ಲಿ ಚೀಟಿಗಳನ್ನು ಅದಲುಬದಲು ಮಾಡಿ ಕಟ್ಟಿದ್ದಾನೆ.

ಬೇರೆ ಯಾರಾದರೂ ಆಗಿದ್ದರೆ ಅಂದೇ ಅಧಿಕಾರಿಯ ಕೋಣೆಗೆ ಹೋಗುತ್ತಿದ್ದಳು. ಇವನು ಮಗಳ ಗಂಡ. ಹೇಳಿದರೆ ಮಗಳ ಬಾಳು ಹಾಳು, ಹೇಳದಿದ್ದರೆ ಸುಳ್ಳು ಅಂಕಿ ರಿಜಿಸ್ಟರಿಗೆ ಹೋಗುತ್ತದೆ. ಅರ್ಧ ದಿನ ಒದ್ದಾಡಿ ಅವಳು ನಡುವಿನ ಒಂದು ದಾರಿ ಹುಡುಕಿದಳು. ಅವನು ಅದಲುಬದಲು ಮಾಡಿದ್ದನ್ನು ತಾನು ಇನ್ನೊಮ್ಮೆ ಅದಲುಬದಲು ಮಾಡಿಬಿಟ್ಟರೆ ಅಂಕಿ ತನ್ನ ಜಾಗಕ್ಕೆ ಬಂದು ಕೂರುತ್ತದೆ. ಯಾರಿಗೂ ಮೋಸವಿಲ್ಲ. ರಿಜಿಸ್ಟರಿನಲ್ಲಿ ಮೇಲೆ ನೂರ ಎರಡು, ಕೆಳಗೆ ನೂರ ಎಂಬತ್ತು ಎಂದು ಬರೆದಳು. ಮೊದಲ ಸಲ ಪೆನ್ನು ಸ್ವಲ್ಪ ತಡೆಯಿತು. ಆಮೇಲಿನ ಹದಿನೈದು ದಿನಕ್ಕೆ ಮತ್ತೆ ಅದೇ ಕಥೆ, ಮತ್ತೆ ಅದೇ ತಿದ್ದುಪಡಿ. ನಾಲ್ಕನೆಯ ಸಲಕ್ಕೆ ಕೈಗೆ ರೂಢಿಯಾಗಿತ್ತು.

ಐದು ತಿಂಗಳ ಹಿಂದೊಮ್ಮೆ ಅಳಿಯ ಪ್ಲಾಂಟಿನ ಸ್ವಂತ ಪರೀಕ್ಷೆಯ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು ಮನೆಗೇ ಬಂದ. ಟೀ ಕೈಗೆ ತೆಗೆದುಕೊಂಡು ಮೆಲ್ಲಗೆ ವಿಷಯ ತೆಗೆದ.

"ಅತ್ತೆ, ನಮ್ಮ ಪೈಪಿನ ನೀರಲ್ಲಿ ಸತು ಇಪ್ಪತ್ತೈದು ದಾಟಿಲ್ಲ. ನಿಮ್ಮ ಕೆಳಗಿನ ಬಾಟಲೀಲಿ ನೂರೆಂಬತ್ತು ಹೇಗೆ ಬರುತ್ತೆ ಅಂತ ನನಗೆ ಅರ್ಥ ಆಗ್ತಿಲ್ಲ. ಒಂದ್ಸಲ ಈ ಪುಸ್ತಕ ನೋಡ್ತೀರಾ?"

"ಆ ಪುಸ್ತಕ ಬರೆಯೋರು ಯಾರು?"

"ನಾವೇ."

"ಮತ್ತೆ ನಾನು ನೋಡೋದೇನಿದೆ ಅದರಲ್ಲಿ?" ಎಂದಳು.

ಅವನು ಟೀ ಮುಗಿಸಿ, ಲೋಟವನ್ನು ತಾನೇ ತೊಳೆದಿಟ್ಟು ಹೋದ. ಲೋಟ ತೊಳೆದದ್ದೂ ಅವಳಿಗೆ ಅನುಮಾನವೇ. ಅವಳ ಗಂಡ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡ ಟೈಲರು, ಎಲ್ಲ ಕೇಳಿಸಿಕೊಂಡಿದ್ದ. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ಹಾಗಾಯ್ತು ಇವರ ಕಥೆ," ಎಂದಳು ಅವಳು.

"ನೀನು ಕಳ್ಳ ಅನ್ನೋದೂ ಇಲ್ಲ, ಸುಮ್ನೆ ಎಲ್ಲರ ಹೆಗಲೂ ಮುಟ್ಟಿ ನೋಡ್ತೀಯ ಕಣೇ," ಎಂದ ಗಂಡ ಸೂಜಿಗೆ ದಾರ ಪೋಣಿಸುತ್ತ.

ಎಂಟು ತಿಂಗಳು ರಿಜಿಸ್ಟರಿನ ಕೆಳಗಿನ ಸಾಲು ಮಿತಿ ದಾಟಿಯೇ ಇತ್ತು. ಕಚೇರಿ ಪ್ಲಾಂಟಿಗೆ ಬರೆಯಿತು, ಪ್ಲಾಂಟಿನವರು ಅಳಿಯನಿಗೆ ನೋಟೀಸು ಕೊಟ್ಟರು. ನಿಗಾ ಇಲ್ಲದೆ ನದಿಗೆ ಸತು ಹೋಗಲು ಬಿಟ್ಟಿದ್ದಾನೆ, ಮೂರು ವಾರದ ನಂತರ ವಿಚಾರಣೆ, ತಪ್ಪು ಸಾಬೀತಾದರೆ ಕೆಲಸದಿಂದ ತೆಗೆಯುವುದು, ತಿಂಗಳೊಳಗೆ ಕ್ವಾರ್ಟರ್ಸ್ ಖಾಲಿ ಮಾಡುವುದು. ಒಮ್ಮೆ ಈ ಕಾರಣಕ್ಕೆ ಹೊರಗೆ ಬಿದ್ದವನನ್ನು ಇನ್ನೊಂದು ಪ್ಲಾಂಟಿನವರು ಬಾಗಿಲಿಗೂ ಸೇರಿಸುವುದಿಲ್ಲ.

ಮಗಳು ನೋಟೀಸು ಹಿಡಿದುಕೊಂಡು ಬಂದಳು. ಕೂರಲಿಲ್ಲ.

"ಅಮ್ಮ, ಅವರು ಏನ್ ತಪ್ಪು ಮಾಡಿದ್ದಾರೆ ಹೇಳು. ನಿನಗೆ ಗೊತ್ತಿದ್ರೆ ನನಗೆ ಹೇಳು."

"ನಾನು ನೀರು ತರೋಳು. ನೀರು ಏನು ಹೇಳುತ್ತೋ ಅದನ್ನ ಬರೀತೀನಿ, ಅಷ್ಟೇ."

"ಅಳಿಯ ಅಂತ ದಯೆ ತೋರಿಸು ಅಂತ ನಾನು ಕೇಳ್ತಿಲ್ಲ. ಒಂದ್ಸಲ ಸರಿಯಾಗಿ ನೋಡು ಅಂತಿದ್ದೀನಿ."

"ನಾನು ಸರಿಯಾಗಿ ನೋಡಲ್ಲ ಅಂತೀಯಾ?"

ಮಗಳು ನೋಟೀಸು ಮಡಚಿಕೊಂಡು ಹೊರಟಳು. ಅಂದಿನಿಂದ ಫೋನಿಲ್ಲ, ಮಾತಿಲ್ಲ. ತನ್ನ ಮಗಳು, ತನ್ನ ರಕ್ತ, ಆ ಕಳ್ಳನ ಪರ ನಿಂತು ತನ್ನನ್ನು ದೂರುತ್ತಾಳೆ. ಅವಳಿಗೆ ಅವನ ಬಣ್ಣ ತೋರಿಸಲೇಬೇಕು, ಅದಕ್ಕೆ ಕೈಯಲ್ಲಿ ಸಾಕ್ಷಿ ಬೇಕು ಎಂದು ಜರಡಿಯಕ್ಕ ನಿಶ್ಚಯಿಸಿದಳು.

ಮುಂದಿನ ಬುಧವಾರಕ್ಕೆ ಮೊದಲು ಮೇಲಿನ ಬಾಟಲಿಯ ತಳಕ್ಕೆ, ಹೊರಗಡೆ, ಕೆಂಪು ಮಾರ್ಕರಿನಿಂದ ಸಾಸಿವೆ ಗಾತ್ರದ ಒಂದು ಚುಕ್ಕೆ ಇಟ್ಟಳು. ಚೀಟಿಯನ್ನು ಯಾರು ಬೇಕಾದರೂ ಬಿಚ್ಚಬಹುದು, ತಳದ ಚುಕ್ಕೆಯನ್ನು ಯಾರು ನೋಡುತ್ತಾರೆ? ಅಳಿಯ ಕೊರಳಿಗೆ ನೋಟೀಸು ಬಿದ್ದಿದ್ದರೂ ಎಂದಿನಂತೆ ಇಳಿದು ಬಂದ. ಮುಖ ಸೊರಗಿತ್ತು, ಗಡ್ಡ ಬೋಳಿಸಿರಲಿಲ್ಲ. "ಕೊಡಿ ಅತ್ತೆ," ಎಂದ. "ತಗೊಳ್ಳಿ ತಗೊಳ್ಳಿ," ಎಂದಳು ಅವಳು, ಎಂದೂ ಇಲ್ಲದ ಸಿಹಿಯಲ್ಲಿ. ಬೋನಿಗೆ ತೆಂಗಿನಚೂರು ಕಟ್ಟಿ ಇಲಿಗಾಗಿ ಕಾಯುವವರ ಸಿಹಿ ಅದು.

ಲ್ಯಾಬಿನಲ್ಲಿ ಬಾಗಿಲು ಮುಂದೆ ಮಾಡಿ ಬಾಟಲಿ ತಲೆಕೆಳಗು ಮಾಡಿ ನೋಡಿದಳು. ಚುಕ್ಕೆಯಿದ್ದ ಬಾಟಲಿಗೆ ಮೇಲಿನ ಚೀಟಿಯೇ ಇತ್ತು. ನೋಟೀಸಿಗೆ ಹೆದರಿ ಈ ಸಲ ಕೈ ಹಚ್ಚಿಲ್ಲ, ಘಾಟಿ ಮನುಷ್ಯ ಎಂದುಕೊಂಡಳು. ಹಾಗಿದ್ದರೆ ಈ ಸಲ ಅಂಕಿ ತಾನಾಗಿ ಸರಿಯಾಗಿ ಬರಬೇಕು, ಮೇಲೆ ಕಡಿಮೆ, ಕೆಳಗೆ ಹೆಚ್ಚು.

ಶುಕ್ರವಾರ ಕೆಮಿಸ್ಟ್ ಚೀಟಿ ಕೊಟ್ಟಳು. ದಡದ ಪುಸ್ತಕದ ನಂಬರಿಗೆ ಹೊಂದಿಸಿ ನೋಡಿದರೆ ಮೇಲೆ ನೂರ ಎಂಬತ್ತನಾಲ್ಕು, ಕೆಳಗೆ ನೂರ ನಾಲ್ಕು.

ಜರಡಿಯಕ್ಕ ಚೀಟಿಯನ್ನು ಎರಡೆರಡು ಸಲ ಓದಿದಳು. ಕನ್ನಡಕ ಒರೆಸಿ ಮೂರನೆಯ ಸಲ ಓದಿದಳು.

"ಮೇಡಂ, ಯಂತ್ರ ಸರಿ ಇದೆಯಾ?"

"ಎರಡು ಸಲ ಓಡಿಸಿದ್ದೀನಿ ಅಕ್ಕ. ಯಾಕೆ?"

"ಉಳಿದ ನೀರಿದ್ರೆ ಇನ್ನೊಂದ್ಸಲ ಓಡಿಸಿ. ನನ್ನ ಕಣ್ಣೆದುರಿಗೆ."

ಕೆಮಿಸ್ಟ್ ಮಗಳ ವಯಸ್ಸಿನವಳು, ಒಳ್ಳೆಯವಳು, ಗೊಣಗದೆ ಓಡಿಸಿದಳು. ಅದೇ ಅಂಕಿ. ಹಾಗಾದರೆ ಬಕೆಟ್ಟೇ ಕೆಟ್ಟಿರಬೇಕು. ಬಕೆಟ್ಟಿಗೆ ಬಟ್ಟಿ ಇಳಿಸಿದ ನೀರು ಹಾಕಿ ಅದನ್ನೂ ಪರೀಕ್ಷಿಸಿದರು, ಸತುವಿನ ಸುಳಿವೇ ಇಲ್ಲ. ಆಸಿಡ್ ಪರೀಕ್ಷಿಸಿದರು, ಅದೂ ಚೊಕ್ಕಟ. ಸಂಜೆ ಐದರ ಹೊತ್ತಿಗೆ ಆ ಲ್ಯಾಬಿನಲ್ಲಿ ಅನುಮಾನ ಪಡಲು ಇನ್ನೇನೂ ಉಳಿದಿರಲಿಲ್ಲ. ಚೀಟಿಗಳನ್ನು ಯಾರೂ ಎಂದೂ ಬದಲಾಯಿಸಿಯೇ ಇಲ್ಲದಿದ್ದರೆ, ಎಂಟು ತಿಂಗಳು ಅಂಕಿ ಬದಲಾಯಿಸಿದವಳು ಜರಡಿಯಕ್ಕ ಒಬ್ಬಳೇ.

ಆದರೂ ಅವಳು ಅವಳೇ ತಾನೇ, ಅಷ್ಟಕ್ಕೇ ಒಪ್ಪಲಿಲ್ಲ. ಸತು ಮೇಲಿನಿಂದ ಬರುತ್ತಿದ್ದರೆ ಎಲ್ಲಿಂದ ಬರುತ್ತಿದೆ? ಶನಿವಾರ ರಜೆ. ಚೀಲದಲ್ಲಿ ನಾಲ್ಕು ಬಾಟಲಿ ಹಾಕಿಕೊಂಡು, ಮಂಡಿಗೆ ಪಟ್ಟಿ ಸುತ್ತಿಕೊಂಡು, ಪೈಪಿನಿಂದ ಮೇಲಕ್ಕೆ ದಡ ಹಿಡಿದು ನಡೆದಳು. ಹತ್ತೊಂಬತ್ತು ವರ್ಷದಲ್ಲಿ ಮೇಲಿನ ಬಾಟಲಿಯ ಜಾಗ ದಾಟಿ ಒಂದು ಹೆಜ್ಜೆ ಇಟ್ಟವಳಲ್ಲ. ಅವಳ ಅನುಮಾನವೆಲ್ಲ ಪೈಪಿನ ಕೆಳಗೆ ಇತ್ತು, ಮೇಲೆ ನೋಡಬೇಕೆಂದು ತೋಚಿಯೇ ಇರಲಿಲ್ಲ.

ಸೇತುವೆಯ ಹತ್ತಿರ ಒಂದು ಬಾಟಲಿ ತುಂಬಿಕೊಂಡಳು. ಅಲ್ಲಿ ಗಾಳ ಹಾಕಿ ಕೂತಿದ್ದ ಮುದುಕನೊಬ್ಬ, "ಇಲ್ಲೀಗ ಮರಿಮೀನೇ ಕಾಣಲ್ಲ, ಅಭ್ಯಾಸಕ್ಕೆ ಕೂತಿದ್ದೀನಿ," ಎಂದ. ಅಲ್ಲಿಂದ ಅರ್ಧ ಮೈಲು ಮೇಲೆ, ಹಳೆಯ ಗೋದಾಮೊಂದರಲ್ಲಿ, ಕಬ್ಬಿಣದ ಕೊಳವೆಗಳನ್ನು ಕಾದ ಸತುವಿನಲ್ಲಿ ಅದ್ದಿ ತೆಗೆಯುವ ಶೆಡ್ಡು ನಡೆಯುತ್ತಿತ್ತು. ತುಕ್ಕು ಹಿಡಿಯದಿರಲಿ ಎಂದು ಹಾಗೆ ಅದ್ದುತ್ತಾರೆ. ಹೋದ ವರ್ಷ ಶುರುವಾದದ್ದು. ಕೊಳವೆ ತೊಳೆದ ನೀರು ಹಿಂದಿನ ಮಳೆಚರಂಡಿಗೆ ಬಿದ್ದು, ಹಾಡುಹಗಲಲ್ಲೇ, ಯಾವ ಮುಚ್ಚುಮರೆಯೂ ಇಲ್ಲದೆ ನದಿಗೆ ಸೇರುತ್ತಿತ್ತು. ಕದ್ದು ಮಾಡುವವರನ್ನು ಹುಡುಕುವ ಕಣ್ಣಿಗೆ ಎದುರಿಗೇ ಮಾಡುವವರು ಕಾಣಿಸುವುದಿಲ್ಲ ಎಂದು ಕಾಣುತ್ತದೆ. ಚರಂಡಿಯ ಮೇಲೊಂದು, ಕೆಳಗೊಂದು ಬಾಟಲಿ ತುಂಬಿಕೊಂಡಳು.

ಸೋಮವಾರ ಮಧ್ಯಾಹ್ನ ಕೆಮಿಸ್ಟ್ ಅಂಕಿ ಹೇಳಿದಳು. ಚರಂಡಿಯ ಮೇಲೆ ಹದಿನೆಂಟು. ಚರಂಡಿಯ ಕೆಳಗೆ ಮುನ್ನೂರ ಹನ್ನೊಂದು. ಸೇತುವೆಯಲ್ಲಿ ಇನ್ನೂರ ಇಪ್ಪತ್ತು. ನದಿಯಲ್ಲಿ ಈಗ ನೀರು ಕಡಿಮೆ, ಪೈಪಿನಿಂದಾಚೆಗೆ ಹರಿಯುವುದರಲ್ಲಿ ಅರ್ಧ ಪ್ಲಾಂಟಿನದೇ. ಆ ನೀರಿನಲ್ಲಿ ಸತು ಅಷ್ಟಾಗಿ ಇಲ್ಲದ ಕಾರಣ ಮೇಲಿನಿಂದ ಬಂದ ಸತುವನ್ನು ಅದು ತೆಳುವಾಗಿಸುತ್ತಿತ್ತು. ಅಳಿಯನ ಪುಸ್ತಕದಲ್ಲಿದ್ದದ್ದು ನಿಜ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ. ಇಲ್ಲಿ ಬರೆ ಹಾಕಿದವಳು ಜರಡಿಯಕ್ಕ, ಎತ್ತು ಎಂಟು ತಿಂಗಳು ಹಾಯಾಗಿ ಮೇಯ್ದುಕೊಂಡಿತ್ತು.

ಮನೆಗೆ ಬಂದು ಗಂಡನ ಎದುರು ಸ್ಟೂಲಿನ ಮೇಲೆ ಕೂತು, ಮೊದಲಿನಿಂದ ಕೊನೆಯವರೆಗೆ ಹೇಳಿದಳು. ಗಂಡ ಯಂತ್ರ ನಿಲ್ಲಿಸಿದ.

"ನಾನು ಅಳತೆ ತಗೊಂಡು ಬಟ್ಟೆ ಹೊಲೀತೀನಿ," ಎಂದ. "ನೀನು ಮೊದಲೇ ಅಂಗಿ ಹೊಲಿದಿಟ್ಟು, ಆಮೇಲೆ ಆ ಹುಡುಗನ ಅಳತೆ ತಿದ್ದಿದ್ದೀಯ."

"ಬುಧವಾರ ವಿಚಾರಣೆ. ಏನ್ರೀ ಮಾಡ್ಲಿ?"

"ಕೇಳೋದೇನಿದೆ? ಹೇಳು."

"ಹದಿನಾಲ್ಕು ತಿಂಗಳಿದೆ ರಿಟೈರ್ ಆಗೋಕೆ. ರಿಜಿಸ್ಟರ್ ತಿದ್ದಿದೆ ಅಂತ ನಾನೇ ಹೇಳಿದ್ರೆ ನನ್ನನ್ನೇ ಮನೆಗೆ ಕಳಿಸ್ತಾರೆ."

"ಹೇಳ್ದಿದ್ರೆ ಅವನನ್ನ ಕಳಿಸ್ತಾರೆ," ಎಂದು ಗಂಡ ಮತ್ತೆ ಯಂತ್ರ ತುಳಿಯತೊಡಗಿದ.

ಎರಡು ದಿನ ಅವಳು ಉಪಾಯಗಳನ್ನು ಹುಡುಕಿದಳು, ಸುಳ್ಳೇಕೆ ಹೇಳಲಿ. ಲ್ಯಾಬಿನ ತಪ್ಪೆನ್ನಬಹುದೇ? ಪಾಪದ ಕೆಮಿಸ್ಟಿನ ತಲೆಗೆ ಬರುತ್ತದೆ. ಚೀಟಿ ತಾನಾಗಿ ಬಿಚ್ಚಿಕೊಂಡಿತೆನ್ನಬಹುದೇ? ಹದಿನಾರು ಸಲ ಬಿಚ್ಚಿಕೊಳ್ಳುವುದೇ? ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ದನ ನುಗ್ಗಿತ್ತು ಎನ್ನಲು ಅವಳಿಗೆ ಬಾಯಿ ಬರಲಿಲ್ಲ.

ವಿಚಾರಣೆಯ ಕೋಣೆಯಲ್ಲಿ ಉದ್ದದ ಮೇಜು, ಕಿಟಕಿಗೆ ಧೂಳು ಹಿಡಿದ ಪರದೆ. ಮೇಜಿನ ಆ ಕಡೆ ಅಧಿಕಾರಿ, ಪಕ್ಕದಲ್ಲಿ ಪ್ಲಾಂಟಿನ ಮ್ಯಾನೇಜರು, ಈ ಕಡೆ ತುದಿಯಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅಳಿಯ. ಅಧಿಕಾರಿ ರಿಜಿಸ್ಟರ್ ತೆರೆದಿಟ್ಟು, ಕೇಳಬೇಕಲ್ಲ ಎಂದು ಕೇಳಿದರು: "ಈ ಅಂಕಿಗಳು ಸರಿ ಇವೆ ತಾನೇ ಅಕ್ಕ?"

"ಇಲ್ಲ ಸಾರ್. ಎಂಟು ತಿಂಗಳಿಂದ ಮೇಲಿಂದು ಕೆಳಗೆ, ಕೆಳಗಿಂದು ಮೇಲೆ ಬರೆದಿದ್ದೀನಿ. ಹದಿನಾರು ಸಲ."

ಅಧಿಕಾರಿ ಪೆನ್ನು ಕೆಳಗಿಟ್ಟರು. "ಯಾಕೆ?"

"ಅಳಿಯ ಚೀಟಿ ಬದಲಾಯಿಸ್ತಿದ್ದಾರೆ ಅಂತ ನನಗೆ ಅನುಮಾನ ಇತ್ತು. ಅದನ್ನ ಸರಿ ಮಾಡ್ತಿದ್ದೀನಿ ಅಂದ್ಕೊಂಡೆ. ಮೊನ್ನೆ ಬಾಟಲಿ ತಳಕ್ಕೆ ಗುರುತು ಹಾಕಿ ನೋಡಿದೆ. ಅವರು ಬದಲಾಯಿಸಿಲ್ಲ, ಯಾವತ್ತೂ ಬದಲಾಯಿಸಿರಲಿಲ್ಲ. ಸತು ಬರ್ತಿರೋದು ಮೇಲಿನ ಶೆಡ್ಡಿಂದ."

ಅವಳು ಅಳಿಯನ ಕಡೆ ನೋಡಲಿಲ್ಲ. ಮ್ಯಾನೇಜರು ಕೆಮ್ಮಿದರು. ಅಧಿಕಾರಿ ಹತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿಗೆ ಅವಳನ್ನು ಓರೆಗಣ್ಣಿನಿಂದ ನೋಡಿದರು.

"ಅಳಿಯನ ಕೆಲಸ ಹೋಗೋ ಹೊತ್ತಿಗೆ ಸರಿಯಾಗಿ ಇದೆಲ್ಲ ಗೊತ್ತಾಯ್ತಾ?"

"ದಡದ ಪುಸ್ತಕ ಇದೆ ಸಾರ್. ಅದರಲ್ಲಿ ತಿದ್ದಿಲ್ಲ. ಲ್ಯಾಬಿನ ಚೀಟಿ ಜೊತೆ ಇಟ್ಟು ನೋಡಿ."

"ಪೆನ್ಸಿಲಿನ ಬರಹ. ಅಳಿಸಿ ಬರೆಯೋಕೆ ಎಷ್ಟು ಹೊತ್ತು ಬೇಕು? ನೀವೇ ಬರೆದ ಪುಸ್ತಕವನ್ನ ನಾನು ನೋಡೋದೇನಿದೆ?"

ಆ ಮಾತು ಅವಳ ಕೆನ್ನೆಗೆ ಬಿದ್ದ ಹಾಗಾಯಿತು. ಇದೇ ಮಾತನ್ನು ಎಲ್ಲಿ, ಯಾರಿಗೆ, ಯಾರು ಹೇಳಿದ್ದರೆಂದು ಅವಳಿಗೂ ಗೊತ್ತು, ಮೇಜಿನ ತುದಿಯಲ್ಲಿದ್ದವನಿಗೂ ಗೊತ್ತು. ನಿಜ ಹೇಳುತ್ತಿದ್ದರೂ ಎದುರಿನವರು ಕಣ್ಣು ಸಣ್ಣಗೆ ಮಾಡಿಕೊಂಡು ಕೂತರೆ ಹೇಗಿರುತ್ತದೆ ಎಂಬುದು ಐವತ್ತೊಂಬತ್ತನೆಯ ವಯಸ್ಸಿಗೆ ಅವಳಿಗೆ ತಿಳಿಯಿತು. ಅವಮಾನಕ್ಕೆ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಒರೆಸಿಕೊಂಡರೆ ಅದನ್ನೂ ನಾಟಕ ಎಂದಾರು.

"ಹಾಗಾದ್ರೆ ನನ್ನನ್ನ ನಂಬಲೇಬೇಡಿ ಸಾರ್," ಎಂದಳು. "ನೀವೇ ಬನ್ನಿ. ನೀವೇ ನೀರೆತ್ತಿ, ನೀವೇ ನಂಬರ್ ಹಾಕಿ. ನಾನು ಮುಟ್ಟಲ್ಲ."

ಅಧಿಕಾರಿ ಆ ಮಧ್ಯಾಹ್ನವೇ ಬಂದರು. ಪಾಲಿಶ್ ಮಾಡಿದ ಬೂಟಿನಲ್ಲಿ ದಡ ಇಳಿಯುವಾಗ ಎರಡು ಸಲ ಜಾರಿದರು. ಬಕೆಟ್ಟು ಎಸೆಯುವುದು ಬಾರದೆ ಮೊದಲ ಸಲ ಬರಿಯ ಬಕೆಟ್ಟು ಎಳೆದುಕೊಂಡರು. ಜರಡಿಯಕ್ಕ ಹತ್ತು ಹೆಜ್ಜೆ ದೂರದಲ್ಲಿ ಕೈಗಳನ್ನು ಹಿಂದೆ ಕಟ್ಟಿಕೊಂಡು ನಿಂತು, "ವಾಚು ಬಿಚ್ಚಿಡಿ ಸಾರ್, ವಾಚು," ಎಂದಷ್ಟೇ ಹೇಳಿದಳು. ಪೈಪಿನ ಕೆಳಗೆ, ಪೈಪಿನ ಮೇಲೆ, ಸೇತುವೆ, ಚರಂಡಿ, ಎಲ್ಲ ಕಡೆಯೂ ಅವರೇ ತುಂಬಿ, ಅವರೇ ಪೆಟ್ಟಿಗೆಗೆ ಬೀಗ ಹಾಕಿಕೊಂಡು ಹೋದರು.

ಶುಕ್ರವಾರ ಅಂಕಿ ಬಂತು. ಅವಳು ಹೇಳಿದ ಹಾಗೆಯೇ ಬಂತು. ಶನಿವಾರ ಆದೇಶಗಳು ಬಂದವು. ಅಳಿಯನ ಮೇಲಿನ ನೋಟೀಸು ರದ್ದು. ಶೆಡ್ಡಿನ ಚರಂಡಿಗೆ ಮುದ್ರೆ. ಜರಡಿಯಕ್ಕ ಇನ್ನು ನದಿಗೆ ಹೋಗುವಂತಿಲ್ಲ, ರಿಜಿಸ್ಟರ್ ಮುಟ್ಟುವಂತಿಲ್ಲ. ನಿವೃತ್ತಿಯವರೆಗೆ ಬಾಟಲಿ ತೊಳೆಯುವ ಕೋಣೆಯಲ್ಲಿ ಕೆಲಸ. ಮನೆಗೇ ಕಳಿಸಬಹುದಿತ್ತು, ಕಳಿಸಲಿಲ್ಲ. ಕಚೇರಿಯಲ್ಲಿ ಅಷ್ಟರಲ್ಲಿ ಕಥೆ ಬೇರೆಯಾಗಿತ್ತು. ಅನುಮಾನ ಪಟ್ಟದ್ದೇನೋ ಹೌದು, ಆದರೆ ಅಳಿಯನ ಕೊರಳಿಗೆ ಬಂದಾಗ ಕರುಳು ಕೇಳಲಿಲ್ಲ, ಬಾಟಲಿಗೆ ಗುರುತು ಹಾಕಿ ಅವನನ್ನು ಬಿಡಿಸಿದಳು ಎಂದು ಎಲ್ಲರೂ ಹೇಳಿಕೊಳ್ಳುತ್ತಿದ್ದರು. ಅವಳ ಬಗ್ಗೆ ಒಳ್ಳೆಯ ಮಾತು ಓಡಾಡಿದ್ದು ಅದೇ ಮೊದಲು. ಅವಳು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಭಾನುವಾರ ಕ್ವಾರ್ಟರ್ಸಿಗೆ ಹೋದಳು. ಬಾಗಿಲು ತೆರೆದವಳು ಮಗಳು. ಬೈಯುತ್ತಾಳೆ ಎಂದು ಸಿದ್ಧಳಾಗಿದ್ದ ತಾಯಿಯ ಎರಡೂ ಕೈ ಹಿಡಿದುಕೊಂಡು ಒಳಗೆ ಕರೆದಳು.

"ಅಮ್ಮ, ಎಲ್ಲಾ ಗೊತ್ತಾಯ್ತು. ನೀನು ಆ ಗುರುತು ಹಾಕಿ ನೋಡದೇ ಇದ್ದಿದ್ರೆ ಇವರು ಉಳೀತಿರಲಿಲ್ಲ. ನನಗೊಂದು ಮಾತು ಹೇಳ್ಬಾರ್ದಿತ್ತಾ? ಇವರನ್ನ ಬಿಡಿಸೋಕೆ ನೀನು ಒದ್ದಾಡ್ತಿದ್ದೆ, ನಾನು ಮಾತು ಬಿಟ್ಟು ಕೂತಿದ್ದೆ."

ಮೂರು ವಾರದ ಮೇಲೆ ಸಿಕ್ಕ ಕೈ ಬೆಚ್ಚಗಿತ್ತು. ಜರಡಿಯಕ್ಕ ಮಗಳ ಮುಖವನ್ನೇ ನೋಡುತ್ತ ನಿಂತಳು. ಅಳಿಯ ಶಿಫ್ಟಿಗೆ ಹೊರಟು ಊಟದ ಡಬ್ಬಿಯನ್ನು ಚೀಲಕ್ಕೆ ಹಾಕುತ್ತಿದ್ದ. ಹಾಕುವುದನ್ನು ನಿಲ್ಲಿಸಿದ.

"ಒಂದು ಮಾತು ಕೇಳ್ಲಾ ಅತ್ತೆ?"

"ಕೇಳಿ."

"ಆ ಗುರುತು ಹಾಕಿದ್ದು ನನ್ನ ಬಿಡಿಸೋಕಾ, ಹಿಡಿಯೋಕಾ?"

"ಇದೆಂಥ ಪ್ರಶ್ನೆ ರೀ?" ಎಂದು ಮಗಳು ನಕ್ಕಳು.

ಇದಕ್ಕೆ ಲ್ಯಾಬಿಲ್ಲ, ಚೀಟಿಯಿಲ್ಲ. ಏನು ಹೇಳಿದರೂ ಪರೀಕ್ಷಿಸುವವರು ಯಾರೂ ಇರಲಿಲ್ಲ. ಮಗಳು ಆಗಲೇ ನಂಬಿಯಾಗಿತ್ತು, ಸುಮ್ಮನಿದ್ದರೂ ಸಾಕಿತ್ತು. ಜರಡಿಯಕ್ಕ ಅಳಿಯನ ಕಡೆ ತಿರುಗಿದಳು.

"ಹಿಡಿಯೋಕೆ," ಎಂದಳು.

ಮಗಳ ನಗು ನಿಂತಿತು. ಹಿಡಿದಿದ್ದ ಕೈಗಳು ಒಂದೊಂದಾಗಿ ಬಿಟ್ಟುಹೋದವು. ನೋಟೀಸು ಬಂದ ಮೇಲೂ? ಎಂಬಂತೆ ಅವಳು ತಾಯಿಯನ್ನು ನೋಡಿದಳು, ಬಾಯಿ ಬಿಟ್ಟು ಕೇಳಲಿಲ್ಲ.

"ನನಗೂ ಹಾಗೇ ಅನ್ನಿಸಿತ್ತು," ಎಂದ ಅಳಿಯ. ಚೀಲ ಹೆಗಲಿಗೇರಿಸಿಕೊಂಡು, ಬಾಗಿಲ ಹತ್ತಿರ ನಿಂತು, "ಕೂತ್ಕೊಳ್ಳಿ ಅತ್ತೆ, ಮಂಡಿ ನೋವು ನಿಮಗೆ," ಎಂದು ಹೇಳಿ ಕೆಲಸಕ್ಕೆ ಹೋದ.

ಮಗಳು ಅಡುಗೆಮನೆಗೆ ಹೋದಳು. ಬಾ ಎಂದು ಕರೆಯಲಿಲ್ಲ. ಜರಡಿಯಕ್ಕ ಕುರ್ಚಿಯ ಬೆನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತೇ ಇದ್ದಳು.